ಪದರು ಹಲಗೆಯ ಪರೀಕ್ಷೆ

ಕಿರವತ್ತಿಯ ಸರಕಾರಿ ನಾಟಾ ಡಿಪೋದಲ್ಲಿ ಲಿಲಾವಿನ ಹೊತ್ತಿಗೆ ಒಮ್ಮೆ ನಿಂತು ನೋಡಿದವರಿಗೆ ಮರ ಕೊಳ್ಳುವ ಬಗೆ ತಿಳಿಯದೆ ಇರದು. ಅನುಭವಸ್ಥನಾದ ವ್ಯಾಪಾರಿಯು ಸಾಗವಾನಿ ದಿಮ್ಮಿಯ ಮೈಗಿಂತಲೂ ಅದರ ಕೊಯ್ದ ತುದಿಯನ್ನೇ ಹೆಚ್ಚಾಗಿ ನೋಡುವನು. ಒಳಗಿನ ಪೊಳ್ಳು, ಸೀಳು, ಹುಳುಕುಗಳು ಅಲ್ಲಿಯೇ ಬಯಲಾಗುವವು. ಗೃಹಸ್ಥರಾದ ನಾವಾದರೋ ಪ್ಲೈವುಡ್ ಕೊಳ್ಳಹೋದಾಗ ಮೇಲಿನ ನುಣುಪನ್ನು ಕಂಡು ಹಣ ಎಣಿಸಿ ಬರುತ್ತೇವೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಅಡಿಗೆಮನೆಯ ಕಪಾಟಿಗೆಂದು ಒಂದು ಅಂಗಡಿಯಿಂದ ತಂದ ಹಲಗೆಯು ಎರಡನೆಯ ಮಳೆಗಾಲಕ್ಕೆ ಉಬ್ಬಿ, ಪದರು ಪದರಾಗಿ ಬಿಚ್ಚಿಕೊಂಡಿತು. ಆಚಾರಿಯ ಕೂಲಿಯೂ ಅದರೊಡನೆ ನೀರುಪಾಲಾಯಿತು. ‘ನೀರಿಗೆ ಏನೂ ಆಗದು’ ಎಂದು ಅಂಗಡಿಯವರು ಬಾಯಲ್ಲಿ ಹೇಳಿದ್ದರು. ಹಲಗೆಯ ಮೇಲೆ ಮಾತ್ರ ‘ಎಂ.ಆರ್.’ ಎಂದು ಅಚ್ಚೊತ್ತಿತ್ತು. ಅದನ್ನು ಓದದೆ ಹೋದದ್ದು ನಮ್ಮ ತಪ್ಪು.

ಪ್ಲೈವುಡ್ಡೆಂದರೆ ಮರದಿಂದ ಸುಲಿದ ತೆಳ್ಳನೆಯ ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಇನ್ನೊಂದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿನಿಂದ ಕೂಡಿಸಿ ಒತ್ತಿದ ಹಲಗೆ. ಆದುದರಿಂದ ಮರದಷ್ಟೇ ಅಂಟೂ ಮುಖ್ಯ. ಎಂ.ಆರ್. ಹಲಗೆಯ ಯೂರಿಯಾ ಅಂಟು ಗಾಳಿಯ ತೇವವನ್ನು ತಾಳೀತೇ ಹೊರತು ನಿತ್ಯದ ನೀರನ್ನಲ್ಲ. ಮಲಗುವ ಕೋಣೆಯ ಕಪಾಟಿಗೆ ಅದು ಸಾಕು. ಅಡಿಗೆಮನೆಗೆ ಫಿನಾಲ್ ಅಂಟಿನ ಬಿ.ಡಬ್ಲ್ಯೂ.ಆರ್. ಹಲಗೆ ಬೇಕು. ಇನ್ನೂ ಮೇಲಿನದು ಐ.ಎಸ್. 710ರ ಮರೈನ್ ಹಲಗೆ. ಪರೀಕ್ಷೆಯಲ್ಲಿ ಇದು 72 ತಾಸು ಕುದಿನೀರನ್ನು ತಾಳಬೇಕು. ಫಿನಾಲ್ ಅಂಟಿನ ಗೆರೆ ಕಂದಾಗಿ ಕಾಣುವುದು ನಿಜ, ಆದರೆ ಬಣ್ಣ ಬೆರೆಸಿ ಮೋಸಮಾಡುವವರೂ ಉಂಟು.

ಅಂಗಡಿಯಲ್ಲಿ ಮೊದಲು ಐ.ಎಸ್.ಐ. ಮುದ್ರೆಯನ್ನೂ ಅದರೊಡನೆ ಇರುವ ಲೈಸೆನ್ಸಿನ ಅಂಕೆಯನ್ನೂ ನೋಡತಕ್ಕದ್ದು. ಆ ಅಂಕೆ ದಿಟವೋ ಎಂಬುದನ್ನು ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ನಿಂತಲ್ಲಿಯೇ ತಿಳಿಯಬಹುದು. ಬಳಿಕ ಹಲಗೆಯ ಅಂಚಿಗೆ ಬರಬೇಕು. ನಮ್ಮ ದಿಮ್ಮಿಯ ತುದಿ ಇದೇ. ಅನೇಕ ಹಲಗೆಗಳ ಅಂಚಿಗೆ ಬಣ್ಣ ಬಳಿದಿರುವುದರಿಂದ ಪದರುಗಳು ಕಾಣಿಸವು. ಒಂದು ಪಟ್ಟಿಯನ್ನು ಕೊಯ್ಸಿ ನೋಡಿದರೆ ನಡುವಿನ ಪದರುಗಳಲ್ಲಿ ಸಂದು ಬಿಟ್ಟಿದೆಯೇ, ಒಂದರ ಮೇಲೊಂದು ಏರಿದೆಯೇ, ಹುಳು ಕೊರೆದ ತೂತುಗಳಿವೆಯೇ ಎಂಬುದು ತಿಳಿಯುವುದು. ಮೇಲೆ ಸಾಗವಾನಿಯ ಹಾಳೆಯಿದ್ದ ಮಾತ್ರಕ್ಕೆ ಒಳಗೂ ಸಾಗವಾನಿಯೆಂದು ತಿಳಿಯಲಾಗದು. ಒಳಗೆ ಸಾಮಾನ್ಯವಾಗಿ ಬೇರೆ ಮರವೇ ಇರುತ್ತದೆ. ಹಲಗೆಯ ಉದ್ದಗಲಕ್ಕೂ ನಾಣ್ಯದಿಂದ ತಟ್ಟುತ್ತ ಹೋದರೆ ಪೊಳ್ಳಿದ್ದಲ್ಲಿ ಸದ್ದು ಬೇರೆಯಾಗುವುದು. ನಾಲ್ಕೂ ಮೂಲೆಗಳ ದಪ್ಪವನ್ನು ಅಳೆಯಿರಿ. 19 ಮಿಲಿಮೀಟರಿನ ಬೆಲೆ ಕೊಟ್ಟು 17ನ್ನು ಹೊತ್ತು ತರಬಾರದಷ್ಟೆ.

ಆಚಾರಿಯನ್ನು ಜತೆಗೆ ಕರೆದೊಯ್ಯುವುದು ಒಳ್ಳೆಯದೇ. ಆದರೆ ಕೆಲವೆಡೆ ಅಂಗಡಿಯವರು ಆಚಾರಿಗೆ ಕಮಿಶನ್ ಕೊಡುವ ರೂಢಿಯಿರುವುದರಿಂದ ಅಂಗಡಿಯನ್ನು ನಾವೇ ಆರಿಸುವುದು ಮೇಲು.

ಎರಡನೆಯ ಸಲ ನಾವು ಎರಡು ಅಂಗಡಿಗಳಿಂದ ಬಿ.ಡಬ್ಲ್ಯೂ.ಆರ್. ಎಂದು ಹೇಳಿದ ಅಂಗೈಯಗಲದ ತುಂಡುಗಳನ್ನು ಕೇಳಿ ತಂದೆವು. ಮನೆಯಾಕೆ ಅವೆರಡನ್ನೂ ಹಳೆಯ ಪಾತ್ರೆಯಲ್ಲಿ ಹಾಕಿ ಬಚ್ಚಲ ಒಲೆಯ ಮೇಲೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕುದಿಸಿದಳು. ಒಂದು ತುಂಡು ಬಾಯಿ ಬಿಟ್ಟಿತು. ಇನ್ನೊಂದರ ಪದರುಗಳ ನಡುವೆ ಚೂರಿಯ ಮೊನೆಯೂ ಹೋಗಲಿಲ್ಲ. ಆ ಅಂಗಡಿಗೇ ಹೋಗಿ ಹಲಗೆ ತಂದೆವು.