ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ತುದಿ ನೋಡಿದ್ದೀರಾ?

ಬೇರೆ ಊರಿಂದ ಬೆಂಗಳೂರಿಗೆ ಬಂದು ಪಿ.ಜಿ. ಸೇರಿದವರು ಆರು ತಿಂಗಳೊಳಗೆ ಒಂದು ಮಾತು ಹೇಳೇ ಹೇಳುತ್ತಾರೆ: ‘ಇಲ್ಲಿನ ನೀರು ಹಿಡಿಸ್ಲಿಲ್ಲ ಕಣೇ, ಕೂದಲೆಲ್ಲ ಉದುರಿಹೋಯ್ತು.’ ಲಗ್ಗೆರೆಯಲ್ಲೇ ಹುಟ್ಟಿ ಬೆಳೆದ ನನ್ನಂಥವರಿಗೆ ಊರು ಬದಲಾಯಿಸಿದ ನೆಪವೂ ಇಲ್ಲ. ಆದರೂ ನಮ್ಮ ಬಚ್ಚಲಿನ ಜಾಲರಿಯಲ್ಲೂ ಕೂದಲಿನ ಉಂಡೆ ಇದ್ದೇ ಇರುತ್ತದೆ. ಕಾಲೇಜಿನ ಬಸ್ಸಿನಲ್ಲಿ ಬ್ಯಾಕ್‌ಲಾಗ್, ಇಂಟರ್ನ್‌ಶಿಪ್ ಬಿಟ್ಟರೆ ನಾವು ಹೆಚ್ಚು ಮಾತಾಡುವುದು ಇದರ ಬಗ್ಗೆಯೇ. ಹುಡುಗರೂ ಇದಕ್ಕೆ ಹೊರತಲ್ಲ. ಹಣೆ ಮೇಲಕ್ಕೆ ಹೋಗುತ್ತಿದೆಯೇ ಎಂದು ಮೊಬೈಲ್ ಕ್ಯಾಮೆರಾದಲ್ಲಿ ದಿನಾ ಪರೀಕ್ಷಿಸಿಕೊಳ್ಳುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ.

ಈ ಆತಂಕಕ್ಕೆ ಮಾರುಕಟ್ಟೆಯ ಉತ್ತರ ಒಂದೇ, ಬಾಟಲಿ. ನಮ್ಮ ಏರಿಯಾದ ಪಾರ್ಲರ್ ಅಕ್ಕ ಹೇಳಿದ್ದೂ ಅದನ್ನೇ: ‘ಈ ನೀರಿಗೆ ಅಂಗಡೀದೆಲ್ಲ ನಡೆಯಲ್ಲಮ್ಮ. ಸಲೂನ್ ಬ್ರ್ಯಾಂಡ್ ಕಂಡೀಷನರ್ ಹಾಕು, ಎರಡು ತಿಂಗಳಲ್ಲಿ ಕೂದಲು ಹೆಂಗೆ ದಟ್ಟ ಆಗುತ್ತೆ ನೋಡು.’ 250 ಮಿ.ಲೀ.ಗೆ 780 ರೂಪಾಯಿ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಅದು ಒಂದು ದಿನದ ದುಡಿಮೆಗಿಂತ ಹೆಚ್ಚು. ಅಷ್ಟು ದುಡ್ಡು ಕೊಡುವ ವಸ್ತುವನ್ನು ಸುಮ್ಮನೆ ಹೊಗಳುವುದಕ್ಕೂ ಸುಮ್ಮನೆ ತೆಗಳುವುದಕ್ಕೂ ಮೊದಲು ಪರೀಕ್ಷೆ ಮಾಡಿ ನೋಡೋಣ ಎನ್ನಿಸಿತು. ಓದುತ್ತಿರುವುದು ಎಂಜಿನಿಯರಿಂಗ್ ಅಲ್ಲವೇ?

ಮೊದಲ ಎರಡು ವಾರ ಬರೀ ಶಾಂಪೂ ಹಾಕಿದೆ. ಆಮೇಲೆ ಎಂಟು ವಾರ, ವಾರಕ್ಕೆರಡು ಸಲ, ತಲೆಯ ಎಡಭಾಗಕ್ಕೆ ಸಲೂನ್ ಕಂಡೀಷನರ್, ಬಲಭಾಗಕ್ಕೆ ಪಕ್ಕದ ಅಂಗಡಿಯ ಸಾಧಾರಣ ಕಂಡೀಷನರ್. ಕೂದಲು ಒಣಗಿದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಎರಡೂ ಕಡೆ ಬೇರೆ ಬೇರೆಯಾಗಿ ಬಾಚಿ, ಬಿದ್ದ ಕೂದಲನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ಯಾವ ಕಡೆ ಯಾವುದು ಎಂದು ಹೇಳದೆ ಅಮ್ಮನ ಕೈಗೆ ಜಡೆ ಕೊಟ್ಟು, ‘ಯಾವುದು ನಯ ಇದೆ ಹೇಳಮ್ಮ’ ಎಂದು ಪ್ರತಿ ಸಲವೂ ಕೇಳಿದೆ. ಒಬ್ಬಳ ತಲೆಯ ಮೇಲೆ ಮಾಡಿದ ಪರೀಕ್ಷೆ ಸಂಶೋಧನೆ ಆಗುವುದಿಲ್ಲ ನಿಜ. ಆದರೆ ಎಲ್ಲಿ ನೋಡಬೇಕು ಎನ್ನುವುದನ್ನು ಅದು ಕಲಿಸಿತು.

ಫಲಿತಾಂಶಕ್ಕೆ ಮೊದಲು ಕಂಡೀಷನರ್ ಏನು ಮಾಡುತ್ತದೆ ಎಂದು ತಿಳಿದಿರಲಿ. ನಮ್ಮ ಕಣ್ಣಿಗೆ ಕಾಣುವ ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದಕ್ಕೆ ಜೀವ ಇಲ್ಲ, ರಕ್ತ ಹರಿಯುವುದಿಲ್ಲ. ಜೀವ ಇರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ಎಳೆಯ ಹೊರಮೈಯಲ್ಲಿ ಹೆಂಚಿನ ಮನೆಯ ಚಾವಣಿಯಂತೆ ಒಂದರ ಮೇಲೊಂದು ಕೂತ ಸಣ್ಣ ಪದರಗಳಿವೆ. ಬಿಸಿಲು, ಬಣ್ಣ, ಸ್ಟ್ರೇಟ್ನರ್, ಒರಟಾದ ಬಾಚುವಿಕೆಯಿಂದ ಈ ಹೆಂಚುಗಳು ಎದ್ದು ಒಡೆಯುತ್ತವೆ. ಹಾಗೆ ಸವೆದ ಕೂದಲಿನ ಮೇಲೆ, ಅದರಲ್ಲೂ ಶಾಂಪೂ ಹಾಕಿ ತೊಳೆದ ಮೇಲೆ, ಋಣ ವಿದ್ಯುದಂಶ ಹೆಚ್ಚಿರುತ್ತದೆ. ಕಂಡೀಷನರ್‌ನಲ್ಲಿರುವ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್‌ನಂಥ ಅಣುಗಳದ್ದು ಧನ ವಿದ್ಯುದಂಶ. ಎರಡೂ ಅಂಟಿಕೊಳ್ಳುತ್ತವೆ. ಜೊತೆಗೆ ಸೀಟೈಲ್ ಆಲ್ಕೋಹಾಲ್‌ನಂಥ ಮೇಣದ ಗುಣದ ವಸ್ತು, ಡೈಮೆಥಿಕೋನ್‌ನಂಥ ಸಿಲಿಕೋನ್ ಸೇರಿ ಒಂದು ತೆಳು ಲೇಪ ಆಗುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜದೆ ಜಾರುತ್ತವೆ, ಸಿಕ್ಕು ಕಡಿಮೆ, ಹೊಳಪು ಹೆಚ್ಚು. ಅಜ್ಜಿಯರು ದಾಸವಾಳದ ಎಲೆ ಕಿವುಚಿ ಲೋಳೆ ಹಚ್ಚುತ್ತಿದ್ದದ್ದೂ ಇದೇ ಜಾರಿಕೆಗಾಗಿ.

ಕೆಲಸ ನಡೆಯುವುದು ಎಳೆಯ ಮೈಮೇಲೆ. ಹಾಗಾದರೆ ‘ದಟ್ಟ’ ಎನ್ನುವ ಮಾತು? ಫಿಸಿಕ್ಸ್ ಲ್ಯಾಬಿನ ಸ್ಕ್ರೂಗೇಜ್ ನೆನಪಿದೆಯೇ? ಅದರ ಲೀಸ್ಟ್ ಕೌಂಟ್ 0.01 ಮಿ.ಮೀ. ನನ್ನ ಕೂದಲಿನ ಎಳೆ ಅದರಲ್ಲಿ 0.07 ಮಿ.ಮೀ. ತೋರಿಸಿತು. ಎಂಟು ವಾರದ ಮೇಲೆ ಎಡಭಾಗದ್ದೂ ಅಷ್ಟೇ, ಬಲಭಾಗದ್ದೂ ಅಷ್ಟೇ. ಲೇಪ ಇದೆ, ಆದರೆ ಸ್ಕ್ರೂಗೇಜ್ ಹಿಡಿಯಲಾರದಷ್ಟು ತೆಳು. ಜುಟ್ಟು ಕಟ್ಟಿ ದಾರ ಸುತ್ತಿ ಅಳೆದೆ, ಸುತ್ತಳತೆ ಬದಲಾಗಿರಲಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಲ್ಲಿ ಹೊಸದಾಗಿ ಬಂದಿದ್ದರೂ ಬರೀ ಎರಡು ಸೆಂಟಿಮೀಟರ್, ಅದು ಜಡೆಯವರೆಗೂ ತಲುಪುವುದಿಲ್ಲ. ‘ಎರಡು ತಿಂಗಳಲ್ಲಿ ದಟ್ಟ’ ಎನ್ನುವ ಮಾತು ನಿಲ್ಲುವುದಿಲ್ಲ ಎನ್ನಲು ಈ ಲೆಕ್ಕವೇ ಸಾಕು.

ನಯದ ವಿಷಯಕ್ಕೆ ಬಂದರೆ, ಮೊದಲ ದಿನ ಅಮ್ಮ ಹೆಚ್ಚಿನ ಸಲ ಸಲೂನ್ ಬ್ರ್ಯಾಂಡಿನ ಕಡೆಯನ್ನೇ ಆರಿಸಿದರು. ಮೂರನೇ ದಿನಕ್ಕೆ ಅವರಿಗೆ ವ್ಯತ್ಯಾಸ ಸಿಗುತ್ತಿರಲಿಲ್ಲ. ಸಲೂನ್ ಬಾಟಲಿಯದ್ದು ಮಿ.ಲೀ.ಗೆ 3 ರೂಪಾಯಿ 12 ಪೈಸೆ, ಅಂಗಡಿಯದ್ದು ಹೆಚ್ಚುಕಡಿಮೆ 1 ರೂಪಾಯಿ. ಒಂದು ಸ್ನಾನಕ್ಕೆ 10 ಮಿ.ಲೀ. ಬೇಕೆಂದರೆ 31 ರೂಪಾಯಿಗೂ 10 ರೂಪಾಯಿಗೂ ಇರುವ ವ್ಯತ್ಯಾಸ. ಆ ಒಂದೆರಡು ದಿನದ ನಯ, ಆ ಪರಿಮಳ ನಿಮಗೆ ಇಷ್ಟವಾದರೆ ಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಏನಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದು ಗೊತ್ತಿದ್ದರೆ ಸಾಕು.

ನನ್ನ ಮಟ್ಟಿಗೆ ಮುಖ್ಯ ಪಾಠ ಸಿಕ್ಕಿದ್ದು ಉದುರಿದ ಕೂದಲನ್ನು ಎಣಿಸುವಾಗ. ಬಿಳಿ ಬಟ್ಟೆಯ ಮೇಲೆ ಬಿದ್ದ ಕೂದಲಲ್ಲಿ ಎರಡು ಜಾತಿ. ಕೆಲವಕ್ಕೆ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇರುತ್ತದೆ, ಅವು ಬೇರು ಸಮೇತ ಕಳಚಿಕೊಂಡವು. ಗಂಟಿಲ್ಲದವು ನಡುವೆ ತುಂಡಾದವು. ಕಂಡೀಷನರ್ ಹಾಕಲು ಶುರು ಮಾಡಿದ ಮೇಲೆ ತುಂಡಾದವು ಎರಡೂ ಕಡೆ ಅರ್ಧಕ್ಕಿಂತ ಕಡಿಮೆಯಾದವು. ಗಂಟಿದ್ದವು? ಬರೀ ಶಾಂಪೂ ಹಾಕುತ್ತಿದ್ದಾಗ ಎಷ್ಟಿತ್ತೋ ಕೊನೆಯ ವಾರವೂ ಹೆಚ್ಚುಕಡಿಮೆ ಅಷ್ಟೇ. ಬೇರಿನಿಂದ ಕಳಚುವ ಕೂದಲಿನ ತಂಟೆಗೆ 780 ರೂಪಾಯಿಯದ್ದೂ ಹೋಗಲಿಲ್ಲ, 180 ರೂಪಾಯಿಯದ್ದೂ ಹೋಗಲಿಲ್ಲ.

ಹೋಗಬೇಕಾಗಿಯೂ ಇಲ್ಲ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ ಎಂದರೆ ಶುಚಿಗೊಳಿಸಲು, ಅಂದ ಹೆಚ್ಚಿಸಲು, ಹೊರನೋಟ ಬದಲಿಸಲು ಹಚ್ಚಿಕೊಳ್ಳುವ ವಸ್ತು. ದೇಹದೊಳಗಿನ ತೊಂದರೆಗೆ ಚಿಕಿತ್ಸೆ ಕೊಡುವುದು ಔಷಧದ ಕೆಲಸ. ಬೇರಿನ ಮೇಲೆ ಕೆಲಸ ಮಾಡುವ ಮಿನಾಕ್ಸಿಡಿಲ್ ಅನ್ನು ಅಮೆರಿಕದಲ್ಲಿ 1988ರಲ್ಲಿ ತಲೆಗೆ ಹಚ್ಚಲು ಅನುಮತಿಸಿದ್ದು ಔಷಧವಾಗಿಯೇ. ಅದನ್ನು ವೈದ್ಯರನ್ನು ಕೇಳಿಯೇ ಬಳಸಬೇಕು. ಇನ್ನು ಬಾಟಲಿಯ ಹಿಂಬದಿಯನ್ನೂ ಓದಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಮುಂಭಾಗದಲ್ಲಿ ದೊಡ್ಡದಾಗಿ ಮಿಂಚುವ ಎಣ್ಣೆ, ಹೂವು, ಪ್ರೋಟೀನು ಪಟ್ಟಿಯಲ್ಲಿ ಎಷ್ಟನೆಯದು ಎಂದು ನೋಡಿದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ.

ಹಾಗಾದರೆ ನೀರಿನ ತಪ್ಪೇ? ನಮ್ಮ ಮನೆಯ ಸಂಪಿಗೆ ಕಾವೇರಿ ಬರದ ದಿನ ಬೋರ್‌ವೆಲ್ ನೀರೇ ಗತಿ. ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯೇ ಅದರ ಗಡಸುತನಕ್ಕೆ ಸಾಕ್ಷಿ. ಬಿಐಎಸ್ ಮಾನದಂಡದಲ್ಲಿ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುವುದು ನಿಜ. ಎಳೆ ದುರ್ಬಲವಾಗುತ್ತದೆಯೇ ಎನ್ನುವುದಕ್ಕೆ ಮಾತ್ರ ಒಂದೇ ಉತ್ತರ ಇಲ್ಲ. 2013ರಲ್ಲಿ ಕೊಯಮತ್ತೂರಿನ ವೈದ್ಯರು ಗಡಸು ನೀರಿನಲ್ಲೂ ಶುದ್ಧೀಕರಿಸಿದ ನೀರಿನಲ್ಲೂ ಕೂದಲು ಅದ್ದಿ ನೋಡಿದಾಗ ಬಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಲ್ಲಿ ಗಡಸು ನೀರಿನ ಕೂದಲು ದುರ್ಬಲವಾಗಿತ್ತು. ಎರಡರಲ್ಲೂ ಪರೀಕ್ಷಿಸಿದ್ದು ಎಳೆಯನ್ನು, ಬೇರನ್ನಲ್ಲ. ತುಂಡಾದ ಕೂದಲಿಗೆ ನೀರನ್ನು ಬೈಯಬಹುದೇನೋ, ಗಂಟಿರುವ ಕೂದಲಿಗೆ ಬೇರೆ ಕಾರಣ ಹುಡುಕಬೇಕು.

ಆ ಕಾರಣ ಹುಡುಕುವುದು ಎಷ್ಟು ಮುಖ್ಯ ಎಂದು ನನಗೆ ಅರ್ಥವಾದದ್ದು ಚಿತ್ರದುರ್ಗದಿಂದ ಬಂದು ಇಲ್ಲೇ ಪಿ.ಜಿ.ಯಲ್ಲಿರುವ ಗೆಳತಿಯಿಂದ. ಆಗಸ್ಟ್‌ನಲ್ಲಿ ಅವಳಿಗೆ ಡೆಂಗಿ ಬಂದಿತ್ತು. ನವೆಂಬರ್‌ನಲ್ಲಿ, ಕ್ಯಾಂಪಸ್ ಇಂಟರ್‌ವ್ಯೂ ಸಾಲುಸಾಲಾಗಿ ಇದ್ದಾಗ, ಕೈ ಹಾಕಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಎರಡು ಬಾಟಲಿ ಮುಗಿಸಿದಳು. ಬೈತಲೆ ಅಗಲವಾಗಿ ಕಾಣುತ್ತದೆ ಎಂದು ಒಂದು ಕಂಪನಿಯ ಇಂಟರ್‌ವ್ಯೂಗೇ ಹೋಗಲಿಲ್ಲ. ನನ್ನ ಬಿಳಿ ಬಟ್ಟೆಯ ಮೇಲೆ ಅವಳೂ ಬಾಚಿ ನೋಡಿದಳು. ಹೆಚ್ಚಿನವಕ್ಕೆಲ್ಲ ಗಂಟು. ಆಮೇಲೆ ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಶಾಂಪೂ ಯಾವುದು ಎಂದಲ್ಲ. ‘ಮೂರು ತಿಂಗಳ ಹಿಂದೆ ಏನಾಗಿತ್ತಮ್ಮ? ಬೆಳಿಗ್ಗೆ ತಿಂಡಿ ತಿಂತೀಯಾ?’

ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ತಲೆಯಲ್ಲಿರುವ ಲಕ್ಷದಷ್ಟು ಕೂದಲಲ್ಲಿ ದಿನಕ್ಕೆ 50ರಿಂದ 100 ಬೀಳುವುದು ಸಹಜ. ಜೋರು ಜ್ವರ, ದಿಢೀರ್ ಡಯಟ್, ಭಾರಿ ಮಾನಸಿಕ ಒತ್ತಡ ಬಂದರೆ ಒಟ್ಟಿಗೇ ತುಂಬಾ ಕೂದಲು ವಿಶ್ರಾಂತಿಗೆ ಹೋಗಿ, ಎರಡು-ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ವೈದ್ಯರು ಇದನ್ನು ಟೆಲೋಜನ್ ಎಫ್ಲುವಿಯಂ ಎನ್ನುತ್ತಾರೆ. ಕಾರಣ ಸರಿಹೋದರೆ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಕಬ್ಬಿಣಾಂಶದ ಕೊರತೆಯೂ ಇದಕ್ಕೆ ಒಂದು ಕಾರಣ ಆಗಬಹುದು. ಗೆಳತಿಯ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಇತ್ತು. ಹೆಣ್ಣುಮಕ್ಕಳಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ.

ಇದು ಅವಳೊಬ್ಬಳ ಕಥೆ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ, ಅಂದರೆ ಹತ್ತಿರ ಹತ್ತಿರ ಅರ್ಧ. ಎಂಟು ಗಂಟೆಯ ಲ್ಯಾಬಿಗೆ ತಿಂಡಿ ಬಿಟ್ಟು ಓಡುವುದು, ಮಧ್ಯಾಹ್ನ ಒಂದು ಪಫ್ಸ್, ಸಂಜೆ ಪಾನಿಪುರಿ, ಊಟ ಆದ ಕೂಡಲೇ ಟೀ. ನಮ್ಮಲ್ಲಿ ಎಷ್ಟು ಜನರ ದಿನಚರಿ ಹೀಗಿಲ್ಲ ಹೇಳಿ? ಊಟದ ಜೊತೆಗಿನ ಟೀ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ, ನಿಂಬೆಹಣ್ಣು ಹೆಚ್ಚಿಸುತ್ತದೆ. ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಮೊಳಕೆಕಾಳು, ಮೊಟ್ಟೆ ನಮ್ಮ ಮನೆಗಳಿಗೆ ಹೊಸದಲ್ಲ. ಆ ಬಾಟಲಿಯ ದುಡ್ಡಿಗೆ ಒಂದು ತಿಂಗಳು ದಿನಕ್ಕೆರಡು ಮೊಟ್ಟೆ ತಿನ್ನಬಹುದು.

ಆದ್ದರಿಂದ ಗೆಳೆಯರೇ, ಕೂದಲು ಉದುರಿದರೆ ಅಂಗಡಿಗೆ ಹೋಗುವ ಮೊದಲು ಬಿಳಿ ಬಟ್ಟೆ ಹಾಸಿ. ತುಂಡಾದವೇ ಹೆಚ್ಚಿದ್ದರೆ ಯಾವುದಾದರೂ ಕಂಡೀಷನರ್ ಹಚ್ಚಿ, ಬುಡಕ್ಕೆ ಬೇಡ, ಅರ್ಧದಿಂದ ತುದಿಯವರೆಗೆ ಸಾಕು. ಹಲ್ಲು ಅಗಲವಾದ ಬಾಚಣಿಗೆ ಬಳಸಿ, ಸ್ಟ್ರೇಟ್ನರ್‌ಗೆ ರಜೆ ಕೊಡಿ. ಕೊನೆಯ ಎರಡು ಚೊಂಬು ಕಾವೇರಿ ನೀರು ಸಿಕ್ಕರೆ ಒಳ್ಳೆಯದು. ಆರ್‌ಒ ಮಷೀನಿನಿಂದ ಹೊರಬರುವ ವೇಸ್ಟ್ ನೀರನ್ನು ಮಾತ್ರ ತಲೆಗೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು. ಗಂಟಿರುವವೇ ಹೆಚ್ಚಿದ್ದು ವಾರಗಟ್ಟಲೆ ನಿಲ್ಲದಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹುಡುಗರಿಗೆ ಹಣೆಯ ಎರಡು ಬದಿ, ನೆತ್ತಿ ಮಾತ್ರ ತೆಳುವಾಗುತ್ತಿದ್ದರೆ ಅದು ವಂಶಪಾರಂಪರ್ಯ ಇರಬಹುದು, ಚರ್ಮವೈದ್ಯರಿಗೆ ತೋರಿಸಿ.

ಇಂಟರ್‌ವ್ಯೂ ಕೋಣೆಯಲ್ಲಿ ನಮ್ಮ ಎದುರಿಗೆ ಕೂತವರು ಕೇಳುವುದು ಪ್ರಾಜೆಕ್ಟಿನ ಬಗ್ಗೆ, ಕೋಡಿನ ಬಗ್ಗೆ. ಬೈತಲೆಯ ಅಗಲವನ್ನು ಅಳೆಯುತ್ತಿರುವವರು ನಾವು ಮಾತ್ರ. ಚಿತ್ರದುರ್ಗದ ಗೆಳತಿ ಈಗ ಕಬ್ಬಿಣಾಂಶದ ಮಾತ್ರೆ ತಗೊಳ್ಳುತ್ತಿದ್ದಾಳೆ, ಡಬ್ಬಿಯಲ್ಲಿ ತಿಂಡಿ ಕಟ್ಟಿಕೊಂಡು ಬರುತ್ತಾಳೆ. ಹಣೆಯ ಅಂಚಿನಲ್ಲಿ ಬೆರಳಿನಷ್ಟು ಉದ್ದದ ಹೊಸ ಕೂದಲು ಎದ್ದು ನಿಂತಿವೆ. ಅವುಗಳನ್ನು ಕೂರಿಸಲು ನನ್ನ ಬಾಟಲಿಯಲ್ಲಿ ಉಳಿದಿದ್ದ ಕಂಡೀಷನರ್ ಅವಳಿಗೇ ಕೊಟ್ಟಿದ್ದೇನೆ. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

(ಲೇಖಕಿ ಬಿಇ ವಿದ್ಯಾರ್ಥಿನಿ, ಲಗ್ಗೆರೆ, ಬೆಂಗಳೂರು)