ತಾರೀಖು ಊಹಿಸಬೇಡಿ, ಕೇಳಿ

"ಡೇಟ್ ಫಾರ್ಮ್ಯಾಟ್ ತಾನೇ ಗುರು, ಆಮೇಲೆ ನೋಡ್ಕೊಳ್ಳೋಣ." ನಮ್ಮ ಆಫೀಸುಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಆ 'ಆಮೇಲೆ' ಬರೋದೇ ಇಲ್ಲ. ಅದರ ದಂಡ ಕಟ್ಟೋನು ಕೋಡ್ ಬರೆದವನಲ್ಲ, ಸೈಬರ್ ಸೆಂಟರ್ ಮುಂದೆ ಕ್ಯೂ ನಿಂತವನು.

ನಾನು ಕುಂದಾಣದವನು. ನಮ್ಮಪ್ಪನ ತಲೆಮಾರಿನಲ್ಲಿ ಜೂನ್ 1ಕ್ಕೆ 'ಹುಟ್ಟಿದವರು' ಬೇಕಾದಷ್ಟು ಜನ ಇದ್ದಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆಧಾರ್‌ನಲ್ಲಿ 01/06 ಅಂತಿರುತ್ತೆ: ದಿನ ಮೊದಲು, ತಿಂಗಳು ಆಮೇಲೆ. ಅದನ್ನೇ ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್‌ಗೆ ಹಾಗೇ ಕೊಟ್ಟು ನೋಡಿ, ಜನವರಿ 6 ಅಂತ ಓದಿಕೊಳ್ಳುತ್ತೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆಮೇಲೆ ಒಂದು ದಿನ ಪರದೆ ಮೇಲೆ ಬರುತ್ತೆ: 'ಜನ್ಮ ದಿನಾಂಕ ತಾಳೆಯಾಗುತ್ತಿಲ್ಲ'. ಮುದುಕನ ಅರ್ಜಿ ವಾಪಸ್, ಒಂದು ದಿನದ ಕೂಲಿ ಖೋತಾ.

ಇದು ಅಪರೂಪದ ಕೇಸಲ್ಲ, ಲೆಕ್ಕ ಹಾಕಿ. ದಿನವೂ ತಿಂಗಳೂ 12ರೊಳಗೆ ಇರುವ ತಾರೀಖುಗಳು 144. 1/1, 2/2 ಥರದ ಹನ್ನೆರಡನ್ನು ಬಿಟ್ಟರೆ 132. ಅಂದರೆ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ದಿನ ತಿರುವುಮುರುವಾಗಬಹುದು. ಪೈಥಾನ್‌ನ ಡೇಟ್‌ಯುಟಿಲ್ ಇನ್ನೂ ಜಾಣ. ಏನೂ ಹೇಳದೆ ಬಿಟ್ಟರೆ 05/03 ಅನ್ನು ಮೇ 3 ಅನ್ನುತ್ತೆ, 13/03 ಅನ್ನು ಮಾರ್ಚ್ 13 ಅನ್ನುತ್ತೆ. ಒಂದೇ ಕಾಲಂನಲ್ಲಿ ಎರಡು ನ್ಯಾಯ!

"ಲೋಕೇಲ್ ಕನ್ನಡ ಅಂತ ಇಟ್ಟರಾಯ್ತಲ್ಲ?" ಅಂತೀರಿ. ಆಗಲ್ಲ ಕಣ್ರೀ. ನಾವು ಬಾಯಲ್ಲಿ ಹೇಳೋದು 'ನವೆಂಬರ್ ಒಂದು', ಅಂಕಿಯಲ್ಲಿ ಬರೆಯೋದು 1-11-1956. ಒಂದೇ ಭಾಷೆಯಲ್ಲಿ ಎರಡೂ ಕ್ರಮ ಇವೆ. ಯೂನಿಕೋಡ್‌ನವರ ಸಿಎಲ್‌ಡಿಆರ್ ದತ್ತಾಂಶದಲ್ಲೂ ಕನ್ನಡಕ್ಕೆ ಚಿಕ್ಕ ರೂಪದಲ್ಲಿ ದಿನ ಮೊದಲು, ಉದ್ದ ರೂಪದಲ್ಲಿ ತಿಂಗಳ ಹೆಸರು ಮೊದಲು. ಲೋಕೇಲ್ ಇರೋದು ತಾರೀಖು ತೋರಿಸೋಕೆ. ಎದುರಿನವನ ಮನಸ್ಸಲ್ಲಿ ಏನಿತ್ತು ಅಂತ ಅದು ಹೇಳಲ್ಲ.

13ನೇ ಶತಮಾನದ ಹೊಯ್ಸಳ ರಾಮನಾಥನ ಕಾಲವನ್ನೇ ತಗೊಳ್ಳಿ. ಆ ಕಾಲದ ಶಾಸನಗಳನ್ನು ನೋಡಿ: ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತೆ. ಕಲ್ಲು ಕೆತ್ತುವವನಿಗೆ ಒಂದೊಂದು ಅಕ್ಷರವೂ ಬೆವರು, ಆದರೂ ಬಿಡಲಿಲ್ಲ. ನಮಗೆ ಒಂದು ಡ್ರಾಪ್‌ಡೌನ್ ಇಡೋಕೆ ಸೋಮಾರಿತನ.

ಪರಿಹಾರಕ್ಕೆ ಬ್ರಹ್ಮವಿದ್ಯೆ ಬೇಕಿಲ್ಲ. ತಿಂಗಳನ್ನು ಹೆಸರಿನಲ್ಲೇ ಕೇಳಿ: ಜೂನ್ ಅಂದರೆ ಜೂನ್. ಒಳಗೆ ವರ್ಷ-ತಿಂಗಳು-ದಿನ ಅಂತ ಇಡಿ. ಐಎಸ್ಒ 8601 ಬಂದಿದ್ದೇ 1988ರಲ್ಲಿ. ಜನ್ಮ ದಿನಾಂಕವನ್ನು ಟೈಮ್‌ಝೋನ್ ಗಿರಣಿಗೆ ಹಾಕಬೇಡಿ. ಇಲ್ಲಿನ ನಡುರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ 18:30, ಜೂನ್ 1 ಅಲ್ಲಿ ಮೇ 31 ಆಗಿ ಕೂರುತ್ತೆ. ಫೈಲ್‌ನಲ್ಲಿ ಕ್ರಮ ಗೊತ್ತಾಗದ ತಾರೀಖು ಬಂದರೆ ಅಲ್ಲೇ ನಿಲ್ಲಿಸಿ, ಕಳಿಸಿದವರನ್ನು ಕೇಳಿ.

ಕೇಳೋಕೆ ನಿಮಗೆ ಒಂದು ಇಮೇಲ್ ಸಾಕು. ನೀವು ಊಹಿಸಿದ್ದನ್ನು ತಿದ್ದಿಸೋಕೆ ಅವರು ಎರಡು ಬಸ್ ಬದಲಿಸಬೇಕು. ಇನ್ನು ಮುಂದೆ ಮೀಟಿಂಗಿನಲ್ಲಿ 'ಎಡ್ಜ್ ಕೇಸ್' ಅನ್ನುವ ಮೊದಲು, ಆ ಎಡ್ಜ್‌ನಲ್ಲಿ ನಿಂತಿರೋರು ಯಾರು ಅಂತ ಒಮ್ಮೆ ನೋಡಿ.