‘ಕೊಟ್ಟರೆ ತಪ್ಪೇನು?’



ಭಾರತದಲ್ಲಿ ಕೊರೋನಾ ರೋಗದಿಂದ ಸಂಭವಿಸಿದ ಮೊದಲ ಮರಣ ನಮ್ಮ ನೆರೆಯ ಕಲಬುರಗಿಯವರದು. 2020ರ ಮಾರ್ಚ್ 10ರಂದು ಆ ಊರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನಗಳ ತರುವಾಯ ಕಾರಣ ಗೊತ್ತಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿದ್ದ ಯಾದಗಿರಿ ಜಿಲ್ಲೆಯ ಬಡಜನ ಕೆಲಸ ಕಳೆದುಕೊಂಡು ತಂಡತಂಡವಾಗಿ ಮರಳಿದರು. ಸೈದಾಪುರದ ಸುತ್ತಣ ಹಳ್ಳಿಗಳಲ್ಲಿ ಭೀತಿ ಕವಿಯಿತು.

ಆಗ ಕೆಲವು ಭಕ್ತರು ಗುಳಿಗೆಗಳ ಪೆಟ್ಟಿಗೆಯೊಂದನ್ನು ಮಠಕ್ಕೆ ತಂದರು. ‘ಅಪ್ಪಾವರೇ, ನಿಮ್ಮ ಕೈಯಿಂದ ಕೊಡ್ರಿ, ಮಂದಿ ನಂಬತಾರ’ ಎಂದರು. ಇದರಿಂದ ರೋಗ ಬಾರದೆಂದು ಯಾರು ಪರೀಕ್ಷಿಸಿ ಕಂಡಿದ್ದಾರೆ ಎಂದು ಕೇಳಿದೆವು. ‘ಅದೆಲ್ಲಾ ಗೊತ್ತಿಲ್ರಿ. ಕೊಟ್ಟರ ತಪ್ಪೇನ್ರಿ?’ ಎಂಬ ಉತ್ತರ ಬಂತು. ನಾವು ಹಂಚಲಿಲ್ಲ. ಆದರೆ ಬೇಡವೆಂದು ಬಹಿರಂಗವಾಗಿ ಹೇಳುವ ಧೈರ್ಯವನ್ನೂ ತೋರಲಿಲ್ಲ. ಪೆಟ್ಟಿಗೆ ಮತ್ತೊಂದು ಬಾಗಿಲಿಗೆ ಹೋಯಿತು. ಆ ಮೌನ ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಅಂದು ಕೊಡದ ಉತ್ತರವನ್ನು ಇಂದು ಕೊಡಬೇಕಾಗಿದೆ. ಏಕೆಂದರೆ ಪಿಡುಗುಗಳು ಮತ್ತೆ ಬರುತ್ತವೆ, ಅದೇ ಪ್ರಶ್ನೆಯೂ ಮತ್ತೆ ಬರುತ್ತದೆ.

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಗುಳಿಗೆಯ ಕಥೆಯನ್ನೇ ನೋಡಿರಿ. ಅದು ಮಲೇರಿಯಾ ಜ್ವರಕ್ಕೂ, ಕೆಲವು ಬಗೆಯ ಸಂಧಿವಾತಕ್ಕೂ, ಲೂಪಸ್ ಎಂಬ ದೀರ್ಘರೋಗಕ್ಕೂ ಬಹುಕಾಲದಿಂದ ಬಳಕೆಯಲ್ಲಿರುವ ಔಷಧ. 2020ರ ಮಾರ್ಚ್‌ನಲ್ಲಿ ಫ್ರಾನ್ಸ್ ದೇಶದ ವೈದ್ಯರು ಇದರಿಂದ ಕೊರೋನಾ ಗುಣವಾಗುವುದೆಂದು ಸಾರಿದರು. ಔಷಧ ಪಡೆದವರು 26 ಮಂದಿ. ಲೆಕ್ಕಕ್ಕೆ ಹಿಡಿದವರು 20 ಮಂದಿ. ಉಳಿದ ಆರು ಮಂದಿಯಲ್ಲಿ ಮೂವರು ತೀವ್ರ ನಿಗಾ ಘಟಕಕ್ಕೆ ಹೋದರು, ಒಬ್ಬರು ಮರಣ ಹೊಂದಿದರು. ಸತ್ತವರನ್ನು ಬಿಟ್ಟು ಬದುಕಿದವರನ್ನು ಮಾತ್ರ ಎಣಿಸಿದರೆ ಯಾವ ಔಷಧ ತಾನೇ ಸಂಜೀವಿನಿಯಾಗದು? ಆ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2024ರ ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೆ 2020ರಲ್ಲಿ ಅಮೆರಿಕದ ಅಧ್ಯಕ್ಷರೇ ಈ ಗುಳಿಗೆಯನ್ನು ಕೊಂಡಾಡಿದರು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅದೇ ಮಾರ್ಚ್‌ನಲ್ಲಿ ವೈದ್ಯಸಿಬ್ಬಂದಿಗೆ ಮುಂಜಾಗ್ರತೆಗಾಗಿ ಸೂಚಿಸಿತು. ಔಷಧದ ಅಂಗಡಿಗಳ ಮುಂದೆ ಜನ ನೆರೆದರು.

ಈಗ ‘ಕೊಟ್ಟರೆ ತಪ್ಪೇನು’ ಎಂಬುದಕ್ಕೆ ಬರೋಣ. ಮೊದಲನೆಯ ತಪ್ಪು: ನಿತ್ಯ ಆ ಗುಳಿಗೆಯನ್ನೇ ನೆಚ್ಚಿದ್ದ ಲೂಪಸ್ ರೋಗಿಗಳಿಗೆ ಅದು ದೊರೆಯದಾಯಿತು. ಭಯಗೊಂಡವನ ಜೇಬಿಗೆ ಹೋದದ್ದು ರೋಗಿಯ ಕೈಯಿಂದ ಕಸಿದದ್ದೇ ಅಲ್ಲವೆ? ಎರಡನೆಯದು: ಈ ಔಷಧ ಕೆಲವರಲ್ಲಿ ಹೃದಯಬಡಿತದ ಲಯವನ್ನು ಕೆಡಿಸಬಲ್ಲದು. ಮೂರನೆಯದು ಎಲ್ಲಕ್ಕಿಂತ ಘೋರ: ಗುಳಿಗೆ ನುಂಗಿದ್ದೇನೆಂಬ ನೆಚ್ಚಿಕೆಯಿಂದ ಮನುಷ್ಯ ಸಂತೆಗೆ ಹೋಗುತ್ತಾನೆ, ಉಸಿರು ಕಟ್ಟುವವರೆಗೂ ದವಾಖಾನೆಯತ್ತ ಮುಖ ಮಾಡುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಸಾಕೆಂಬ ಮಾತು ನಮ್ಮ ಸೀಮೆಯಲ್ಲಿ ಹೇಗೆ ಹಬ್ಬಿತೆಂಬುದನ್ನು ನೀವು ಬಲ್ಲಿರಿ.

‘ನನಗೆ ಗುಣವಾಯಿತಲ್ಲ, ಅದಕ್ಕಿಂತ ಪ್ರಮಾಣ ಬೇಕೆ?’ ಎನ್ನುವವರಿದ್ದಾರೆ. ಬಂಧುಗಳೇ, ಈ ರೋಗ ತಗುಲಿದವರಲ್ಲಿ ಬಹುಪಾಲು ಜನ ಯಾವ ಔಷಧವಿಲ್ಲದೆಯೂ ಗುಣವಾದರು. ಕೋಳಿ ಕೂಗಿದ ಮೇಲೆ ಬೆಳಗಾಯಿತೆಂದ ಮಾತ್ರಕ್ಕೆ ಕೋಳಿಯೇ ಬೆಳಗು ಮಾಡಿತೆನ್ನಲಾದೀತೆ? ಔಷಧ ಪಡೆದವರನ್ನೂ ಪಡೆಯದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ, ಎರಡೂ ಗುಂಪಿನವರನ್ನು ಎಣಿಸಿ ನೋಡಿದಾಗ ಮಾತ್ರ ನಿಜ ತಿಳಿಯುತ್ತದೆ. ಇಂಗ್ಲೆಂಡಿನ ‘ರಿಕವರಿ’ ಎಂಬ ಪ್ರಯೋಗದಲ್ಲಿ ಹಾಗೆ ನೋಡಿದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1561 ರೋಗಿಗಳಲ್ಲಿ 28 ದಿನಗಳೊಳಗೆ ತೀರಿಕೊಂಡವರು ಶೇ. 27, ಪಡೆಯದ 3155 ಮಂದಿಯಲ್ಲಿ ಶೇ. 25. ಔಷಧದಿಂದ ಲಾಭವಿರಲಿಲ್ಲ.

‘ಮನೆ ಹೊತ್ತಿ ಉರಿಯುವಾಗ ಪುರಾವೆ ಕೇಳುತ್ತ ಕೂಡಬೇಕೆ?’ ಎಂಬುದು ಮತ್ತೊಂದು ವಾದ. ಇದು ಕೇಳಲು ಚೆಂದ, ಆದರೆ ಸತ್ಯವಲ್ಲ. ಅದೇ ಪ್ರಯೋಗ 2020ರ ಮಾರ್ಚ್‌ನಲ್ಲಿ ಆರಂಭವಾಗಿ ಜೂನ್ ತಿಂಗಳಲ್ಲೇ ಉತ್ತರ ಕೊಟ್ಟಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ನಿರುಪಯುಕ್ತವೆಂದು ಹೇಳಿದ ಕೆಲವೇ ದಿನಗಳಲ್ಲಿ, ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧ ಕೃತಕ ಉಸಿರಾಟದ ಯಂತ್ರಕ್ಕೆ ಒಳಗಾದವರ ಸಾವನ್ನು ಮೂರನೆಯ ಒಂದು ಪಾಲು ತಗ್ಗಿಸುತ್ತದೆಂದೂ ಸಾರಿತು. ಪುರಾವೆಗೆ ತಗುಲಿದ್ದು ಮೂರು ತಿಂಗಳು ಮಾತ್ರ! ಆಮ್ಲಜನಕ ಬೇಕಿಲ್ಲದ ರೋಗಿಗೆ ಈ ಔಷಧದಿಂದ ಪ್ರಯೋಜನವಿಲ್ಲವೆಂಬುದನ್ನೂ ಅದೇ ಪ್ರಯೋಗ ತಿಳಿಸಿತ್ತು. ಆ ಅರ್ಧ ಮಾತನ್ನು ಕೇಳದೆ, 2021ರಲ್ಲಿ ಇಂತಹ ಔಷಧಗಳನ್ನು ಕಂಡಕಂಡವರಿಗೆ ಕೊಟ್ಟದ್ದರಿಂದ ಮಧುಮೇಹಿಗಳಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಿತು. ಸಿದ್ಧವಾದ ಔಷಧಕ್ಕೇ ಇಷ್ಟು ವಿವೇಚನೆ ಬೇಕಾದರೆ ಸಿದ್ಧವಾಗದುದಕ್ಕೆ ಎಷ್ಟು ಬೇಕು?

ರೆಮ್ಡೆಸಿವಿರ್ ಸೂಜಿಮದ್ದಿನ ಕಥೆ ಇನ್ನೂ ಕರುಣಾಜನಕ. ಅದರಿಂದ ಸಾವು ತಗ್ಗಿದ್ದು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ 2020ರ ಅಕ್ಟೋಬರ್‌ನಲ್ಲೇ ಹೇಳಿತ್ತು. ಮುಂದೆ ಕೆಲವು ರೋಗಿಗಳಿಗೆ ಅಲ್ಪಸ್ವಲ್ಪ ಉಪಯೋಗ ಕಂಡುಬಂದದ್ದು ನಿಜ. ಆದರೆ 2021ರ ಎರಡನೆಯ ಅಲೆಯಲ್ಲಿ ಅದು ಪ್ರಾಣದಾನದ ಅಮೃತವೆಂಬಂತೆ ಕಾಳಸಂತೆಯಲ್ಲಿ ಬಿಕರಿಯಾಯಿತು. ಬಡವರು ಸಾಲ ಮಾಡಿ ಕೊಂಡರು. ಆಶೆಯನ್ನು ಮಾರುವವನಿಗೆ ಅಂಗಡಿಯ ಬಾಡಿಗೆಯೂ ಇಲ್ಲ, ಸರಕು ಕೆಟ್ಟಿತೆಂಬ ದೂರೂ ಇಲ್ಲ.

ಕೊನೆಗೆ, ‘ಪುರಾವೆ ಕೇಳುವುದು ಪಾಶ್ಚಾತ್ಯರ ಪದ್ಧತಿ, ನಮ್ಮ ಪರಂಪರೆಗೆ ಅಪಮಾನ’ ಎಂಬ ಆಕ್ಷೇಪಣೆ. ಸಂಸ್ಕೃತ ಪಾಠಶಾಲೆಯಲ್ಲೂ ವಿಶ್ವವಿದ್ಯಾಲಯದಲ್ಲೂ ಓದಿದ ನಮಗೆ ಈ ಮಾತು ಅತ್ಯಂತ ನೋವು ತರುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನವನ್ನು ತೆರೆದು ನೋಡಿರಿ. ಆಪ್ತೋಪದೇಶವೊಂದನ್ನೇ ಹೇಳಿ ಚರಕರು ಸುಮ್ಮನಾಗಲಿಲ್ಲ; ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ಮತ್ತೆ ಮೂರು ಪರೀಕ್ಷೆಗಳನ್ನು ಜೊತೆಗಿಟ್ಟರು. ವೈದ್ಯನ ವೇಷ ಮಾತ್ರ ಧರಿಸಿದವನನ್ನು ನಿಜವಾದ ವೈದ್ಯನಿಂದ ಬೇರೆಯಾಗಿ ಗುರುತಿಸಿದರು. ಚೀನಾ ದೇಶದ ತು ಯೂಯೂ ಎಂಬ ವಿಜ್ಞಾನಿ ತಮ್ಮ ನಾಡಿನ ಪ್ರಾಚೀನ ವೈದ್ಯಗ್ರಂಥದ ಗಿಡಮೂಲಿಕೆಯೊಂದನ್ನು ಪರೀಕ್ಷೆಗೆ ಒಡ್ಡಿ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಎಂಬ ಔಷಧವನ್ನು ಪಡೆದರು; 2015ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂತು. ಪರೀಕ್ಷೆಯಿಂದ ಪರಂಪರೆಯ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ. ಒರೆಗಲ್ಲಿಗೆ ಅಂಜುವುದು ಚಿನ್ನವಲ್ಲ, ಹಿತ್ತಾಳೆ.

ತಪ್ಪನ್ನು ತಿದ್ದಿಕೊಳ್ಳುವುದೂ ವಿದ್ಯೆಯ ಲಕ್ಷಣವೇ. ನಮ್ಮ ದೇಶದ ಚಿಕಿತ್ಸಾ ಸೂಚಿಗಳಿಂದ ಪ್ಲಾಸ್ಮಾ ಚಿಕಿತ್ಸೆಯನ್ನು 2021ರ ಮೇ ತಿಂಗಳಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಐವರ್‌ಮೆಕ್ಟಿನ್‌ಗಳನ್ನು ಸೆಪ್ಟೆಂಬರ್‌ನಲ್ಲಿ ಕೈಬಿಡಲಾಯಿತು. ತಡವಾಯಿತು, ಆದರೂ ಕೈಬಿಟ್ಟರು. ಮಠಾಧೀಶರಾದ ನಾವು ಅಷ್ಟನ್ನಾದರೂ ಮಾಡಬೇಡವೆ?

‘ನಿಮ್ಮ ಕೈಯಿಂದ ಕೊಟ್ಟರೆ ಮಂದಿ ನಂಬುತ್ತಾರೆ’ ಎಂದರಲ್ಲ, ಅಪಾಯವಿರುವುದು ಅಲ್ಲಿಯೇ. ಭಕ್ತನ ವಿಶ್ವಾಸ ಪುರಾವೆಯ ಜಾಗದಲ್ಲಿ ಕುಳಿತುಕೊಳ್ಳಬಾರದು. ಮಠದ ಕೈಯಿಂದ ದಾಸೋಹದ ರೊಟ್ಟಿ ಹೋಗಲಿ, ರೋಗಿಯನ್ನು ದವಾಖಾನೆಗೆ ಮುಟ್ಟಿಸುವ ಗಾಡಿ ಹೋಗಲಿ, ದಿಕ್ಕಿಲ್ಲದವನಿಗೆ ಆಸರೆ ದೊರೆಯಲಿ. ಪರೀಕ್ಷೆಗೆ ಒಳಪಡದ ಗುಳಿಗೆ ಮಾತ್ರ ಹೋಗದಿರಲಿ. ಮುಂದೆ ಯಾರೇ ಪೆಟ್ಟಿಗೆ ಹೊತ್ತು ಬಂದರೂ, ಕಾವಿ ಉಟ್ಟವರೇ ಬಂದರೂ, ‘ಎಷ್ಟು ಮಂದಿಗೆ ಕೊಟ್ಟಿರಿ? ಕೊಡದವರ ಗತಿ ಏನಾಯಿತು? ಸತ್ತವರನ್ನೂ ಎಣಿಸಿದಿರಾ?’ ಎಂದು ಕೇಳಿರಿ. ನಮ್ಮನ್ನೂ ಕೇಳಿರಿ; ಅದು ಗುರುನಿಂದೆಯಲ್ಲ.